ಹೊಳೆಗೆ ಬೀಳದ ತೂತಿನ ದುಡ್ಡು

“ಚಹಾಕ್ಕ ಸಕ್ಕರಿ ಕಡಿಮಿ ಆಗ್ಯಾದ,” ಎಂದೆ.

ಶುದ್ಧ ಸುಳ್ಳು. ಮಣ್ಣೂರಿನ ಆ ಮನೆಯ ಚಹಾದಲ್ಲಿ ಇರುವೆಗೇ ಸಾಕುಸಾಕೆನಿಸುವಷ್ಟು ಸಕ್ಕರೆ ಇತ್ತು. ಆದರೆ ಸಕ್ಕರೆ ಡಬ್ಬಿ ಮೇಲಿನ ಹಲಗೆಯಲ್ಲಿತ್ತು. ಗುಡುಸಾಬರ ಬಲಗೈ ಎಷ್ಟು ಮೇಲೇಳುತ್ತದೆ ಎಂದು ನನಗೆ ತಿಳಿಯಬೇಕಿತ್ತು.

ಗುಡುಸಾಬ ಎದ್ದರು. ಬಲಗೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಮುದುಕ ಮುಖ ಕಿವಿಚಿ, ಸ್ಟೂಲು ಎಳೆದು, ಅದರ ಮೇಲೆ ಹತ್ತಿ ಎಡಗೈಯಿಂದ ಡಬ್ಬಿ ಇಳಿಸಿದರು.

“ಬಲಗೈಗೆ ಏನಾಗ್ಯಾದ್ರಿ?”

“ಆರು ವರ್ಷದ ಹಿಂದ ಚೌಡಾಪುರ ಕ್ರಾಸಿನಾಗ ನನ್ನ ಜೀಪ್ ಪಲ್ಟಿ ಆಗಿತ್ರಿ ಸಾಹೇಬ್ರ. ಅವಾಗಿಂದ ಮ್ಯಾಲ ಎತ್ತಾಕ ಬರಂಗಿಲ್ಲ.” ಹೇಳಿದ ಮೇಲೆ ಅವರಿಗೆ ತಾವು ಹೇಳಿದ್ದೇನೆಂದು ಹೊಳೆಯಿತು. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು.

“ಮತ್ತ ವಿಮಾನದಾಗ ಆ ಮ್ಯಾಲಿನ ಹಿಡಿಕಿ ಬಲಗೈಲೆ ಹೆಂಗ ಕಿತ್ತೀರಿ?”

“ಕಿತ್ತೀನ್ರಿ. ನಾನೇ ಕಿತ್ತೀನಿ.”

ಅವರು ಈ ಮಾತು ಹೇಳಿದ್ದು ಅದು ಏಳನೆಯ ಸಲ. ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಎಎಸ್‌ಐ ಆಗಿ ನಿವೃತ್ತನಾದವನು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಯಾರೂ ಅನ್ನದೆಯೇ ಕಾಯಿ ಹೊತ್ತುಕೊಂಡು ಠಾಣೆಗೆ ಬಂದವನನ್ನು ಕಂಡದ್ದು ಇದೇ ಮೊದಲು. ನನಗೆ ಸಿಟ್ಟೇ ಬಂತು.

ನಡೆದದ್ದು ಇಷ್ಟು. ಗುಡುಸಾಬ, ಅವರ ಹೆಂಡತಿ ವಜೀರುನ್ನಿಸಾ ಇಬ್ಬರೂ ಹಜ್‌ಗೆ ಹೋಗುವವರು. ವಿಮಾನವೆಂದರೆ ಅಮ್ಮನಿಗೆ ಎದೆ ಡವಡವ. ಬೆಂಗಳೂರಿನಲ್ಲಿರುವ ಮಗಳು, ಒಂದು ಸಲ ರೂಢಿಯಾಗಲಿ ಎಂದು ಕಲಬುರಗಿಗೆ ವಿಮಾನದ ಟಿಕೆಟ್ ತೆಗೆದುಕೊಟ್ಟಳು. ಇಳಿಯುವ ಹೊತ್ತಿಗೆ, ಬೆಲ್ಟ್ ಹಾಕಿಕೊಳ್ಳಿ ಎಂಬ ದೀಪ ಹೊತ್ತಿರುವಾಗಲೇ, ಗಂಡಹೆಂಡತಿ ಇಬ್ಬರೂ ಎದ್ದರು. ಗಗನಸಖಿ ಎರಡು ಸಲ ಕೂಗಿದರೂ ಕೂಡಲಿಲ್ಲ. ತುರ್ತು ಕಿಟಕಿಯ ಹಿಡಿಕೆಯ ಮೇಲಿನ ಮುಚ್ಚಳವನ್ನು ಯಾರೋ ನಾಣ್ಯದಿಂದ ಮೀಟಿ ಕಿತ್ತು, ಹಿಡಿಕೆ ಎಳೆದಿದ್ದರು. ಎಡಗೈಯಲ್ಲಿ ಸೀಟು ಹಿಡಿದು ಬಲಗೈಯಿಂದ ಎಳೆದವನು ಗುಡುಸಾಬ ಎಂದು ಕಂಪನಿಯ ದೂರು. ಪೊಲೀಸ್ ಕೇಸಾಯಿತು, ಅವರ ಪಾಸ್‌ಪೋರ್ಟ್ ಕೋರ್ಟಿಗೆ ಹೋಯಿತು. ಹಜ್ ವಿಮಾನಕ್ಕೆ ಉಳಿದದ್ದು ಹದಿನೆಂಟು ದಿನ.

“ಗುಡುಸಾಬ್ರ, ನನ್ನ ಗಾಡಿ ಬಿಸಲಾಗ ನಿಂತದ. ಜರಾ ಬೇವಿನ ನೆರಳಿಗೆ ಹಚ್ಚತೀರೇನು?” ಎಂದು ಕೀಲಿ ಕೊಟ್ಟೆ.

ನಲವತ್ತು ವರ್ಷ ಅಫಜಲಪುರದ ರಸ್ತೆಗಳಲ್ಲಿ ಜೀಪು ಓಡಿಸಿದವರು. ಕೀಲಿ ಕಂಡೊಡನೆ ಮುಖ ಅರಳಿತು. ಅವರು ಹೊರಗೆ ಹೋದರು.

ವಜೀರುನ್ನಿಸಾ ಒಲೆಯ ಬಳಿಯಿಂದ ಎದ್ದು ಬಂದು ಎದುರಿಗೆ ಕೂತರು.

“ಅವ್ರು ಮುಟ್ಟಿಲ್ರಿ ಅಣ್ಣಾ. ನನ್ನ ಉಳಸಾಕ ಸುಳ್ಳು ಹೇಳಾಕತ್ತಾರ.”

“ಹಂಗಾರ ನೀವು ಕಿತ್ತೀರೇನು ಅಕ್ಕಾ?”

“ನಾ ಎದ್ದೀನಿ. ಅದು ಖರೇ. ಹಿಡಿಕಿ ನಾನೂ ಮುಟ್ಟಿಲ್ಲ. ಅವ್ರೇ ಕಿತ್ತಾರೇನೋ ಅಂತ ನಾ ತಿಳಕೊಂಡಿದ್ದೆ. ನಾ ಕಿತ್ತೀನಿ ಅಂತ ಅವ್ರು ತಿಳಕೊಂಡಾರ.”

“ಎದ್ದದ್ದು ಯಾಕ?”

“ಕೆಳಗ ಹೊಳಿ ಕಂಡಿತ್ರಿ.”

ಬೇರೆ ಊರಿನವನಾಗಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಭೀಮಾ ದಂಡೆಯ ಊರುಗಳಲ್ಲಿ ಹೊಳೆಗೆ ದುಡ್ಡು ಹಾಕದೆ ಯಾರೂ ದಾಟುವುದಿಲ್ಲ. ಅಲ್ಲಾನ ಹೆಸರು ಹೇಳುವವರೂ ಹಾಕುತ್ತಾರೆ, ದತ್ತನ ಹೆಸರು ಹೇಳುವವರೂ ಹಾಕುತ್ತಾರೆ. ಸೇತುವೆ ಬಂದೊಡನೆ ಗುಡುಸಾಬ ಜೀಪು ನಿಧಾನ ಮಾಡುತ್ತಿದ್ದರಂತೆ, ಪಕ್ಕದಲ್ಲಿದ್ದರೆ ಹೆಂಡತಿ ಹಾಕುತ್ತಿದ್ದಳಂತೆ.

“ಬಸ್ಸಿನ ಕಿಟಕಿ ಇದ್ದಂಗ ಇರ್ತದ ಅಂತ ಮಾಡಿದ್ದೆ. ಹೊಳಿ ನಮ್ಮ ಕಡಿ ಕಾಣಲಿಲ್ಲ, ಆ ಕಡಿ ಕಾಣ್ತು. ಎದ್ದು ಹೋದೆ. ಕಿಟಕಿ ಬಾಜು ಒಬ್ಬ ಮನಶ್ಯಾ ಮಾರಿಗೆ ಮಾಸ್ಕು ಹಾಕ್ಕೊಂಡು ಮಲಗಿದ್ದ. ಅವನ ಮ್ಯಾಲಿಂದ ಬಗ್ಗಿ ನೋಡಿದ್ರ ಕಿಟಕಿ ತೆರೆಯಂಗೇ ಇಲ್ಲ. ದುಡ್ಡು ಗ್ಲಾಸಿಗಿ ಮುಟ್ಟಿಸಿ, ಕಣ್ಣಿಗೊತ್ತಿಕೊಂಡೆ. ಅಷ್ಟ್ರಾಗ ಇವ್ರು ಬಂದು ತೋಳು ಹಿಡದು ಎಳದ್ರು. ಆ ಹುಡುಗಿ ಕನ್ನಡದಾಗ ಬೈದ್ಲು, ಬಂದು ಕುಂತೀವಿ.”

“ದುಡ್ಡು ಏನಾಯ್ತು?”

ಅವರು ಸೆರಗಿನ ಗಂಟು ಬಿಚ್ಚಿದರು. ಹಸಿರು ದಾರ ಪೋಣಿಸಿದ ತೂತಿನ ದುಡ್ಡು. ನಿಜಾಮರ ಕಾಲದ್ದು, ಅತ್ತೆ ಕೊಟ್ಟದ್ದು. ಮೊದಲ ಸಲ ಮುಗಿಲಿನಿಂದ ಹೊಳೆ ದಾಟುವುದಲ್ಲವೇ, ಸಾದಾ ರೂಪಾಯಿ ಸಾಲದು ಎಂದು ಇದನ್ನೇ ಒಯ್ದಿದ್ದರು.

“ಇನ್ನೂ ಯಾಕ ಹಾಕಿಲ್ಲ? ಹೊಳಿ ಮನಿ ಹಿಂದೇ ಅದಲ್ಲ.”

“ದಂಡಿ ಮ್ಯಾಲ ನಿಂತು ಹಾಕಿದ್ರ ನಡೆಯಂಗಿಲ್ರಿ. ದಾಟುವಾಗೇ ಹಾಕಬೇಕು. ಹಾಕದೆ ದಾಟೀನಿ ನೋಡ್ರಿ, ಅದಕ್ಕೇ ನಮಗ ಹಿಂಗ ಕಾಡಾಕತ್ತದ.”

ಅವರ ಕಣ್ಣು ತುಂಬಿತು. ಆದರೆ ನನ್ನ ತಲೆ ಬೇರೆಯದನ್ನೇ ಎಣಿಸುತ್ತಿತ್ತು. ಮೀಟಿದ ನಾಣ್ಯ ಮುಚ್ಚಳದ ಸಂದಿಯಲ್ಲೇ ಸಿಕ್ಕಿಕೊಂಡಿತ್ತು ಎಂದು ದೂರಿನಲ್ಲಿದೆ. ಅಮ್ಮನ ದುಡ್ಡು ಸೆರಗಿನಲ್ಲಿದೆ.

“ಇದನ್ನ ಹಂಗೇ ಇಟ್ಟಿರ್ರಿ ಅಕ್ಕಾ. ಹಾಕಬ್ಯಾಡ್ರಿ. ಹಾಕೋ ಹೊತ್ತಿಗೆ ನಾನೇ ಹೇಳ್ತೇನಿ.”

ಹೊರಡುವಾಗ ಗುಡುಸಾಬ ಕಾರಿನ ಬಾಗಿಲು ಹಿಡಿದು ನಿಂತರು.

“ಸಾಹೇಬ್ರ, ಅಕಿ ಪಾಸ್‌ಪೋರ್ಟ್ ಸಾಫ್ ಅದ. ನಾ ಒಪ್ಪಿಕೊಂಡ್ರ ಅಕಿಯಾರ ಹೋಗ್ತಾಳ. ಹಂಗಂತ ಮುಕ್ರಮ ಹೇಳ್ಯಾನ, ಅವನು ಬರದ ಕಾಗದಕ್ಕ ಹೆಬ್ಬಟ್ಟು ಒತ್ತೀನಿ. ನೀವು ಬಾಳ ಕೆದಕಬ್ಯಾಡ್ರಿ.”

ಮುಕ್ರಮ ಅಂದರೆ ನನ್ನನ್ನು ಈ ಕೆಲಸಕ್ಕೆ ಹಚ್ಚಿದ ವಕೀಲೆ ಶಾಹೀನಳ ಗುಮಾಸ್ತ. ಈ ಕೇಸನ್ನು ಆಫೀಸಿಗೆ ತಂದವನೂ ಅವನೇ.

*

ಆಳಂದ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆಫೀಸಿನಲ್ಲಿ ಶಾಹೀನ ಫೈಲಿನಲ್ಲಿ ಮುಳುಗಿದ್ದಳು. ಪಕ್ಕದ ಮೇಜಿನಲ್ಲಿ ಮುಕ್ರಮ ಗುಡುಸಾಬರ ತಪ್ಪೊಪ್ಪಿಗೆಯ ಪ್ರತಿಗಳಿಗೆ ಠಸ್ಸೆ ಹೊಡೆಯಲು ಕೂತಿದ್ದ. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮಾತಿಗೆ ಮುಂಚೆ ನಗು.

“ಎದ್ದದ್ದಕ್ಕ ಎಷ್ಟು, ಹಿಡಿಕಿಗೆ ಎಷ್ಟು? ನನಗ ತಿಳಿಯೋ ಹಂಗ ಹೇಳವ್ವ,” ಎಂದೆ ಶಾಹೀನಳಿಗೆ.

“ನೋಡ್ರಿ ಜೈಭೀಮ ಕಾಕಾ. ವಿಮಾನದಾಗ ಸಿಬ್ಬಂದಿ ಹೇಳಿದ್ದು ಕೇಳಲಿಲ್ಲ ಅಂದ್ರ ಅದೇ ಒಂದು ತಪ್ಪು. ಕುಂದರ್ರಿ ಅಂದಾಗ ಕುಂದರದಿದ್ರ ಕಂಪನಿ ಸಮಿತಿ ಮೂರು ತಿಂಗಳ ತನಕ ವಿಮಾನ ಬಂದ್ ಮಾಡಬಹುದು. ಮೈ ಮ್ಯಾಲ ಕೈ ಮಾಡಿದ್ರ ಆರು ತಿಂಗಳು. ಹಿಡಿಕಿ ಕಿತ್ತಂಥಾದ್ದಕ್ಕ ಎರಡು ವರ್ಷದಿಂದ ಶುರು, ಮ್ಯಾಲ ಮಿತಿ ಇಲ್ಲ. ಅದು ಕಂಪನಿದು. ಪೊಲೀಸ್ ಕೇಸು ಬ್ಯಾರೆ, ಅದರಾಗ ಜೈಲೂ ಅದ.”

“ಹಜ್ ವಿಮಾನ ಈ ಕಂಪನಿದಲ್ಲಲ್ಲ?”

“ಅಲ್ಲ. ಆದ್ರ ಜನರ ಜೀವಕ್ಕ ಅಪಾಯ ತಂದಾರ ಅನ್ನೋ ಕಲಂ ಇರೋ ತನಕ ಜಡ್ಜ್ ಪಾಸ್‌ಪೋರ್ಟ್ ಬಿಡಂಗಿಲ್ಲ. ಹಿಡಿಕಿ ಕಿತ್ತವ್ರು ಇವ್ರಲ್ಲ ಅಂತ ಸಮಿತಿ ಬರದು ಕೊಟ್ರ ಅವತ್ತೇ ಅರ್ಜಿ ಹಾಕ್ತೇನಿ. ಸಮಿತಿ ಕೂಡೋದು ಸೋಮವಾರ.”

ಅಂದು ಗುರುವಾರ. ಠಸ್ಸೆ ಪ್ಯಾಡಿನ ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು. ಮುಕ್ರಮ ಜೇಬಿನಿಂದ ಒಂದು ನಾಣ್ಯ ತೆಗೆದು, ಅಂಚಿಗೆ ಸಿಕ್ಕಿಸಿ, ಟಕ್ಕೆಂದು ಎಬ್ಬಿಸಿದ. ಬೆರಳಿಗೆ ಹತ್ತಿದ ಮಸಿಯನ್ನು ಕರವಸ್ತ್ರದಲ್ಲಿ ಜೋಪಾನವಾಗಿ ಒರೆಸಿಕೊಂಡ.

“ತಪ್ಪೊಪ್ಪಿಗಿ ಕಾಗದ ಕಳಿಸಬ್ಯಾಡ್ರಿ. ಸೋಮವಾರದ ತನಕ ತಡೀರಿ,” ಎಂದೆ.

“ಗುಡುಸಾಬ್ರೇ ಹಠ ಹಿಡದಾರ್ರಿ ಕಾಕಾ. ಮಾಫಿ ಕೇಳಿದ್ರ ಹಗುರ ಆಗ್ತದ,” ಎಂದ ಮುಕ್ರಮ.

“ತಡಿ,” ಎಂದಳು ಶಾಹೀನ. ಅವನು ನಗುತ್ತಲೇ ಠಸ್ಸೆಯನ್ನು ಕೆಳಗಿಟ್ಟ.

*

ದೂರು ಬರೆದ ಗಗನಸಖಿ ಜಸ್ಮೀನ ಆಳಂದದವಳೇ. ಘಟನೆಯಾದಾಗಿನಿಂದ ರಜೆ ಹಾಕಿ ತಾಯಿಯ ಮನೆಯಲ್ಲಿದ್ದಾಳೆ ಎಂಬುದೇ ನನಗೆ ಅನುಮಾನದ ಮಾತಾಗಿತ್ತು. ಸತ್ಯ ಬರೆದವಳಿಗೆ ರಜೆ ಯಾಕೆ ಬೇಕು?

ತಾಯಿ ಕರೀಮುನ್ನಿಸಾ ಬಾಗಿಲು ತೆಗೆದರು. ಹುಡುಗಿ ಒಳಗಿನಿಂದ ಬಂದು ನಿಂತೇ ಮಾತಾಡಿದಳು.

“ಹೇಳಬೇಕಾದ್ದು ಬರದೀನಲ್ರಿ ಸರ್. ಸಮಿತಿ ಮುಂದ ಅದನ್ನೇ ಹೇಳ್ತೇನಿ.”

“ಇಳಿಯೋ ಹೊತ್ತಿನಾಗ ನೀ ಎಲ್ಲಿದ್ದಿ?”

“ನನ್ನ ಸೀಟಿನಾಗ. ಬೆಲ್ಟ್ ಹಾಕ್ಕೊಂಡು. ಅವಾಗ ನಾವೂ ಏಳೋ ಹಂಗಿಲ್ಲ.”

“ಅಲ್ಲಿಂದ ಆ ಕಿಟಕಿ ಹಿಡಿಕಿ ಕಾಣ್ತದೇನು?”

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು.

“ನಡುವ ಎಷ್ಟು ಸಾಲು ಸೀಟು ಅದಾವು? ಎಡಗೈ ಯಾವುದು, ಬಲಗೈ ಯಾವುದು, ನಿನಗ ಹೆಂಗ ಕಾಣ್ತು?”

“ಅವ್ರು ತಾವೇ ಒಪ್ಪಿಕೊಂಡ್ರಲ್ರಿ.”

“ನಾ ಕೇಳಿದ್ದು ನಿನ್ನ ಕಣ್ಣಿನ ಮಾತು. ಆ ಅಜ್ಜಗ ಬಲಗೈ ಎದಿ ಮ್ಯಾಲ ಏಳಂಗಿಲ್ಲ. ಅವ್ರು ಹಜ್‌ಗೆ ಹೊಂಟವ್ರು, ಜಸ್ಮೀನ. ಹದಿನೆಂಟೇ ದಿನ ಅದಾವು.”

ಹುಡುಗಿಯ ಮುಖ ಬಿಳಿಚಿತು. ತಾಯಿಯ ಕಡೆ ನೋಡಿದಳು.

“ಖರೇ ಹೇಳು ಬೇ,” ಎಂದರು ಕರೀಮುನ್ನಿಸಾ. “ವಾರ ಆತು, ಹೊಟ್ಟಿಗಿ ಅನ್ನ ತಿಂದಿಲ್ಲ ಇಕಿ.”

ಜಸ್ಮೀನ ಕೂತಳು.

“ಪೈಲೆ ಹಿಂದಿ, ಆಮ್ಯಾಲ ಇಂಗ್ಲಿಷಿನಾಗ ಕೂಗಿದೆ. ಆ ಅಮ್ಮನ ಕೈಯಾಗ ದಾರ ಕಟ್ಟಿದ ತೂತಿನ ದುಡ್ಡು ಕಾಣ್ತು. ನಮ್ಮ ನಾನಿ, ಅಮ್ಮನ ತಾಯಿ, ಅಕಿನೂ ಹಂಗೇ ಮಾಡ್ತಿದ್ಲು, ಹೊಳಿಗಿ ಹಾಕಾಕ ಎದ್ದಾಳ ಅಂತ ನನಗ ತಿಳೀತು. ಅಮ್ಮಾ, ಹೊಳಿ ಆಮ್ಯಾಲ ನೋಡಕೋರಿ, ಕುಂದರ್ರಿ ಅಂತ ಕನ್ನಡದಾಗ ಬೈದೆ. ಇಬ್ಬರೂ ಹೋಗಿ ಕುಂತ್ರು.”

“ಆಮ್ಯಾಲ?”

“ಕುಂತ ಮ್ಯಾಲ, ಒಂದು ನಿಮಿಷ ಬಿಟ್ಟು, ಹಿಡಿಕಿ ಅಲುಗ್ಯಾದ ಅಂತ ಪೈಲಟ್ ಮುಂದ ದೀಪ ಹತ್ತಿತು.”

ನಾನು ಕುಡಿಯುತ್ತಿದ್ದ ನೀರು ಕೆಳಗಿಟ್ಟೆ. “ಇದನ್ನ ಯಾಕ ಬರೀಲಿಲ್ಲ?”

“ವಿಮಾನ ನಿಂತ ಕೂಡ್ಲೇ ಕಿಟಕಿ ಬಾಜು ಕುಂತವ್ರು, ಈ ಅಜ್ಜನೇ ಕಿತ್ತಾನ ಅಂತ ಕೂಗಿದ್ರು. ಎಡಗೈ ಬಲಗೈ ಅಂತ ಹೇಳಿದವ್ರೂ ಅವ್ರೇ. ಅಜ್ಜನೂ ಹೌದು ನಾನೇ ಅಂದ್ರು. ಮ್ಯಾಲಿನವ್ರು ಲಗೂನ ಬರಿ ಅಂದ್ರು. ಬರದೆ. ದೂರಿನ ಏಳನೇ ಪುಟದಾಗ ಆ ನಾಣ್ಯದ ಫೋಟೋ ನೋಡಿದ ಮ್ಯಾಲ ನನಗ ನಿದ್ದಿ ಹತ್ತಿಲ್ರಿ.”

“ಏಳನೇ ಪುಟ? ನಮ್ಮ ಫೈಲಿನಾಗ ಆರೇ ಅದಾವು.”

ಝೆರಾಕ್ಸ್ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಅವಳು ಫೋನಿನಲ್ಲಿ ಪುಟ ತೆಗೆದು ತೋರಿಸಿದಳು. ಮುರಿದ ಮುಚ್ಚಳ, ಸಂದಿಯಲ್ಲಿ ಸಿಕ್ಕಿಕೊಂಡ ನಾಣ್ಯ. ತೂತಿಲ್ಲ, ದಾರವಿಲ್ಲ. ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯ. ನಮ್ಮ ಕಡೆ ಅಂಗಡಿಯವರು ಇದನ್ನು ಮುಟ್ಟುವುದಿಲ್ಲ. ಮಣ್ಣೂರಿನ ಮುದುಕಿ ಇದನ್ನು ಹೊಳೆಗೆ ಒಯ್ಯುವ ಮಾತಂತೂ ಇಲ್ಲ.

ಮುಚ್ಚಳದ ಹಿಂದೆ, ಏನಾದರೂ ಬಚ್ಚಿಡಬಹುದಾದಂಥ ಬೆರಳಗಲದ ಟೊಳ್ಳು ಕಾಣುತ್ತಿತ್ತು. ಇಳಿಯುವ ವಿಮಾನದಲ್ಲಿ, ಎಲ್ಲರೂ ಮುದುಕಿಯನ್ನು ನೋಡುತ್ತಿರುವಾಗ, ಆ ಟೊಳ್ಳಿಗೆ ಕೈ ಹಾಕುವ ಅವಸರ ಯಾರಿಗಿತ್ತು?

“ಕಿಟಕಿ ಬಾಜು ಕುಂತವ್ರು ಯಾರು?”

“ಹಣಮಂತ್ರಾಯ ಅಂತ, ಜೇವರ್ಗಿಯವ್ರು. ಸಾಕ್ಷಿ ಸಹಿ ಅವ್ರದೇ. ಆ ಸೀಟಿನವ್ರಿಗೆ, ಹೊತ್ತು ಬಂದ್ರ ಕಿಟಕಿ ತೆಗೀತೀರೇನು ಅಂತ ನಾವು ಮೊದಲೇ ಕೇಳಬೇಕಾಗ್ತದ. ಮಾಸ್ಕ್ ಇಳಿಸಿ ಹೂಂ ಅಂದ್ರು. ನೋಡಿದ್ರ ಗುರ್ತು ಹಿಡೀತೇನಿ.”

“ಇದನ್ನೆಲ್ಲ ಸೋಮವಾರ ಹೇಳ್ತಿ?”

“ಬರೇ ಬಾಯಿಲೆ ಹೇಳಿದ್ರ ನನ್ನ ನೌಕರಿ ಹೋಗ್ತದ, ಅವ್ರ ಕೇಸೂ ನಿಲ್ಲಂಗಿಲ್ಲ. ಆ ತೂತಿನ ದುಡ್ಡು ತಂದು ಸಮಿತಿ ಮುಂದ ಇಡ್ರಿ. ಅವತ್ತು ಅಮ್ಮನ ಕೈಯಾಗ ನೋಡಿದ್ದು ಇದೇ ಅಂತ ನಾ ಹೇಳ್ತೇನಿ. ನೌಕರಿ ಹೋದ್ರ ಹೋಗಲಿ.”

ಬಾಗಿಲವರೆಗೆ ಬಂದವಳು ಏನೋ ನೆನಪಾದಂತೆ ನಿಂತಳು. “ಮೊನ್ನೆ ನಿಮ್ಮ ಆಫೀಸಿನಿಂದ ಒಬ್ರು ನೋಟಿಸ್ ಕೊಡಾಕ ಬಂದಿದ್ರಲ್ಲ, ಅವ್ರು ಯಾರ್ರಿ ಕಾಕಾ? ಮಾತಾಡೋ ತನಕ ಹೆಲ್ಮೆಟ್ ತೆಗೀಲೇ ಇಲ್ಲ.”

“ನಮ್ಮ ಗುಮಾಸ್ತ. ಬಿಸಲಲ್ಲೇನವ್ವ,” ಎಂದೆ.

ಕಾರು ಹತ್ತಿ ಶಾಹೀನಳಿಗೆ ಫೋನ್ ಮಾಡಿದೆ. ಸ್ವಿಚ್ ಆಫ್ ಆಗಿತ್ತು. ಆಫೀಸಿಗೆ ಮಾಡಿದೆ, ಮುಕ್ರಮ ಎತ್ತಿದ. ನಡೆದದ್ದನ್ನೆಲ್ಲ ಹೇಳಿದೆ. ವಜೀರುನ್ನಿಸಾರ ಸೆರಗಿನ ಗಂಟು, ಜಸ್ಮೀನಳ ಮಾತು, ಆ ದುಡ್ಡೇ ನಮ್ಮ ಸಾಕ್ಷಿ ಎಂಬುದು, ನಾಳೆ ಹಣಮಂತ್ರಾಯನನ್ನು ನೋಡುತ್ತೇನೆಂಬುದು. ಇಲಾಖೆಯ ಚಟ ಅದು. ವರದಿ ಒಪ್ಪಿಸದೆ ನನಗೆ ಊಟ ಸೇರುವುದಿಲ್ಲ.

“ಶಾಬಾಸ್ ಕಾಕಾ,” ಎಂದ ಮುಕ್ರಮ. “ಮೇಡಂಗೆ ನಾ ಹೇಳ್ತೇನಿ.”

ಸಂಜೆ ನನ್ನೂರಾದ ಜೇವರ್ಗಿಗೆ ಮರಳುವಾಗ ಭೀಮಾ ಸೇತುವೆ ಬಂತು. ನಾನು ಬುದ್ಧವಂದನೆ ಮಾಡುವ ಮನೆಯವನು, ಹೊಳೆಗೆ ದುಡ್ಡು ಹಾಕುವ ರೂಢಿ ನನಗಿಲ್ಲ. ಅವತ್ತು ಕಾರು ನಿಲ್ಲಿಸಿ ಒಂದು ರೂಪಾಯಿ ಹಾಕಿದೆ.

*

ಹಣಮಂತ್ರಾಯನದು ಜೇವರ್ಗಿಯಲ್ಲಿ ಹಿಟ್ಟಿನ ಗಿರಣಿ. ಮರುದಿನ ಬೆಳಿಗ್ಗೆ ಹೋದಾಗ ಹುಬ್ಬಿನವರೆಗೂ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ಗಿರಣಿಯ ಸದ್ದಿನಲ್ಲಿ ನಾನು ಕೂಗಿ ಕೇಳಬೇಕಾಯಿತು.

“ವಿಮಾನದಾಗ ಬಂದಿರಲ್ಲ, ಕಿಟಕಿ ಬಾಜು ಕುಂತು?”

“ಯಾರು, ನಾನಾ? ವಿಮಾನ ನಮ್ಮ ತಲಿ ಮ್ಯಾಲಿಂದ ಹೋಗೋದು ನೋಡೀನ್ರಿ. ಗಿರಣಿ ಬಿಟ್ಟು ನಾ ಎಲ್ಲಿ ಹೋಗ್ಲಿ?”

ಸಹಿಯ ಪ್ರತಿ ತೋರಿಸಿದೆ. ಇಂಗ್ಲಿಷಿನಲ್ಲಿತ್ತು. ಅವನು ಕಣ್ಣು ಕಿರಿದು ಮಾಡಿ ನೋಡಿ ತಲೆಯಾಡಿಸಿದ. ಹೆಸರು ಅವನದೇ, ಆಧಾರ್ ನಂಬರೂ ಅವನದೇ, ಸಹಿ ಮಾತ್ರ ಅವನದಲ್ಲ.

“ನಿಮ್ಮ ಆಧಾರ್ ಯಾರಿಗಾರ ಕೊಟ್ಟಿದ್ರೇನು?”

“ಕೊಟ್ಟೀನ್ರಿ. ಹೊಲದ ಕೇಸ್ ಅದಲ್ಲ, ಆಳಂದದ ವಕೀಲರ ಆಫೀಸಿಗೆ. ಕಾರ್ಡ್ ಇನ್ನೂ ಅಲ್ಲೇ ಅದ. ನಾಳಿ ಕೊಡ್ತೇನಿ ನಾಳಿ ಕೊಡ್ತೇನಿ ಅಂತಾನ ಆ ಮುಕ್ರಮ.”

ಗಿರಣಿ ತಿರುಗುತ್ತಲೇ ಇತ್ತು. ಠಸ್ಸೆ ಪ್ಯಾಡಿನ ಮುಚ್ಚಳ ಟಕ್ಕೆಂದು ಎದ್ದದ್ದು ನೆನಪಾಯಿತು. ಫೈಲಿನಲ್ಲಿ ಇಲ್ಲದ ಏಳನೇ ಪುಟ, ತೆಗೆಯದ ಹೆಲ್ಮೆಟ್, ಬರೆದುಕೊಟ್ಟ ತಪ್ಪೊಪ್ಪಿಗೆ. ಹಣಮಂತ್ರಾಯನ ಹೆಸರಿನಲ್ಲಿ ಮಾಸ್ಕು ಹಾಕಿ ಕಿಟಕಿ ಬಾಜು ಕೂತವನು, ಆ ಟೊಳ್ಳಿನಲ್ಲಿ ಬಚ್ಚಿಟ್ಟದ್ದನ್ನು ತೆಗೆಯಲು ಮುಚ್ಚಳ ಮೀಟಿದವನು ಮುಕ್ರಮನೇ. ಕೇಸು ತನ್ನ ಕೈ ಮೀರದಿರಲಿ ಎಂದೇ ಅದನ್ನು ನಮ್ಮ ಆಫೀಸಿಗೆ ತಂದಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಗೆ ನಿನ್ನೆ ವರದಿ ಒಪ್ಪಿಸಿದ ಮೂರ್ಖ ನಾನು.

ಗಿರಣಿಯ ಹಿಂದಿನ ಕೋಣೆಗೆ ಹೋಗಿ ಮಣ್ಣೂರಿಗೆ ಫೋನ್ ಮಾಡಿದೆ.

“ಅಕ್ಕಾ, ಆ ದುಡ್ಡು ಸೆರಗಿನಾಗ ಅದಲ್ಲ?”

“ಕೊಟ್ಟು ಕಳಿಸೀನ್ರಿ ಅಣ್ಣಾ,” ಎಂದರು ವಜೀರುನ್ನಿಸಾ. ದನಿ ಎಷ್ಟೋ ದಿನಗಳ ಮೇಲೆ ಹಗುರಾಗಿತ್ತು. “ಇವತ್ತು ನಸುಕಿನಾಗೇ ಮುಕ್ರಮ ಬಂದಿದ್ದ. ಹಾಕೋ ಹೊತ್ತು ಬಂದದ ಅಂತ ನೀವೇ ಹೇಳಿ ಕಳಿಸೀರಂತ. ಜೇವರ್ಗಿಗೆ ಹೊಂಟೀನಿ ಚಾಚಿ, ನಿಮ್ಮ ಹೆಸರಿಲೆ ಹೊಳಿ ದಾಟುವಾಗ ನಾನೇ ಹಾಕ್ತೇನಿ ಅಂದ. ಇನ್ನ ನಮ್ಮ ಕಾಟ ಹರೀತು, ಹೌದಲ್ರಿ?”

“ಆಮ್ಯಾಲ ಮಾಡ್ತೇನಿ ಅಕ್ಕಾ,” ಎಂದು ಫೋನ್ ಇಟ್ಟೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಗಿರಣಿ ನರಳಿ ನಿಂತಿತು. ಆ ನಿಶ್ಶಬ್ದದಲ್ಲಿ ಹೊರಗೆ ಬೈಕೊಂದು ಬಂದು ನಿಂತ ಸದ್ದು ಕೇಳಿಸಿತು.

“ಹಣಮಂತ್ರಾಯಣ್ಣಾ, ನಿಮ್ಮ ಆಧಾರ್ ತಂದೀನ್ರಿ,” ಎನ್ನುತ್ತ ಅವನು ಒಳಗೆ ಬಂದ. ಹೆಲ್ಮೆಟ್ ತೆಗೆದಿರಲಿಲ್ಲ. ಕೋಣೆಯಿಂದ ಹೊರಬಂದ ನನ್ನನ್ನು ಕಂಡು ಒಂದು ಗಳಿಗೆ ನಿಂತ. ಆಮೇಲೆ ಗಾಜು ಮೇಲೆತ್ತಿ, ಎಂದಿನಂತೆ ನಕ್ಕ.

“ಹೊಳಿ ದಾಟಿ ಬಂದ್ಯೇನು ಮುಕ್ರಮ?”

“ಹೌದ್ರಿ ಕಾಕಾ. ಈಗ ದಾಟಿದೆ.”

ಕಾರ್ಡ್ ಕೊಡಲು ಅವನು ಕೈ ಚಾಚಿದ. ಬೆರಳಿಗೆ ಹಸಿರು ದಾರ ಸುತ್ತಿಕೊಂಡಿತ್ತು. ಕಡಿದ ದಾರದ ತುದಿಯಲ್ಲಿ ದುಡ್ಡು ಇರಲಿಲ್ಲ.